ಮೊಳದ ಮೇಲೆ ನಾಲ್ಕು ಬೆರಳು

ನನ್ನ ಮೊಮ್ಮಗಳು ಓಟದಲ್ಲಿ ಪಾಸಾದಳು. ಬರೆಯೋ ಪರೀಕ್ಷೆ ಮೊದಲೇ ಮುಗಿದಿತ್ತು, ಎತ್ತರ ತೂಕ ಎಲ್ಲ ಸರಿಯಾಗಿತ್ತು, ಪೊಲೀಸ್ ಕೆಲಸಕ್ಕೂ ಅವಳಿಗೂ ನಡುವೆ ಉಳಿದಿದ್ದು ಓಟ ಒಂದೇ. ಅದೂ ಆಯ್ತು. ಆ ದಿನ ಈ ಸುದ್ದಿಯನ್ನು ನಾನು ಸಿಗ್ನಲ್ಲಿನಲ್ಲಿ ಪಕ್ಕ ನಿಂತಿದ್ದ ಸ್ಕೂಟರಿನವನಿಗೂ ಹೇಳಿದೆ, ಹಾಲಿನ ಬೂತಿನವನಿಗೂ ಹೇಳಿದೆ. ಸಂಜೆ ಹೂವಿನ ಬುಟ್ಟಿ ಇಟ್ಟುಕೊಂಡು ಗುಡಿ ಮುಂದೆ ಒಂದು ಗಳಿಗೆ ಕೂತದ್ದೇ ಹೇಳೋದಕ್ಕೆ. ಗುರುತಿಲ್ಲದ ಒಬ್ಬಾಕೆ ಪೂರ್ತಿ ಕೇಳಿಸಿಕೊಂಡು, "ಒಳ್ಳೇದಾಯ್ತು ಬಿಡಿ ಅಜ್ಜಿ, ಸೇವಂತಿಗೆ ಮೊಳ ಹೇಗೆ?" ಅಂದಳು. ಅವಳಿಗೆ ಒಂದು ಮೊಳ ಸುಮ್ಮನೆ ಕೊಟ್ಟು ಕಳಿಸಿದೆ.

ಸಂತೋಷ ಎಷ್ಟಿತ್ತೋ ಸುಸ್ತೂ ಅಷ್ಟೇ ಇತ್ತು. ನಾಲ್ಕು ತಿಂಗಳ ಸುಸ್ತು ಅದು. ಓಡಿದವಳು ಅವಳು, ಮೈ ನೋವು ನನಗೆ.

ನಾವು ಕತ್ರಿಗುಪ್ಪೆಯಲ್ಲಿ ಒಂದು ವಠಾರದಲ್ಲಿದ್ದೆವು. ಮಗ ಆಟೊ ಓಡಿಸ್ತಿದ್ದ, ಸೊಸೆ ಗಾರ್ಮೆಂಟ್ಸ್‌ಗೆ ಹೋಗ್ತಿದ್ದಳು. ಅವರಿಗೆ ಇದ್ದವಳು ಈ ಒಬ್ಬಳೇ ಮಗಳು, ಪಿಯುಸಿ ಮುಗಿಸಿದ್ದಳು. ಸೊಸೆ ಹೆಚ್ಚು ಮಾತಾಡೋಳಲ್ಲ. ಹನ್ನೊಂದು ವರ್ಷ ಮೆಷಿನ್ ಮುಂದೆ ಕೂತು ಅವಳ ಬೆನ್ನು ಬಗ್ಗಿಹೋಗಿತ್ತು. ಅವಳದ್ದು ಒಂದೇ ಮಾತು: "ಅತ್ತೆ, ನನ್ನ ಮಗಳು ಮಾತ್ರ ಆ ಮೆಷಿನ್ ಮುಂದೆ ಕೂರಬಾರದು." ಮಗನದ್ದೂ ಒಂದೇ ಮಾತು: "ಒಂದು ಸಲ ನೋಡೋಣ. ಆಗಲಿಲ್ಲ ಅಂದ್ರೆ ಮುಂದಿನ ತಿಂಗಳಿಂದ ಅವಳೂ ಅಮ್ಮನ ಜೊತೆ ಹೋಗಲಿ." ಹುಡುಗಿ ಇಬ್ಬರ ಮಾತೂ ಕೇಳಿಸಿಕೊಂಡು ತಲೆ ತಗ್ಗಿಸಿ ಊಟ ಮಾಡ್ತಿದ್ದಳು.

ಓಟದ ಲೆಕ್ಕ ಅವಳೇ ಓದಿ ಹೇಳಿದಳು. ನಾನೂರು ಮೀಟರ್, ಎರಡು ನಿಮಿಷ. ಉದ್ದ ಜಿಗಿತ, ಗುಂಡು ಎಸೆತ ಅವಳಿಗೆ ಸಲೀಸು. ಓಟಕ್ಕೇ ಅಭ್ಯಾಸ ಇರಲಿಲ್ಲ. ಮನೆ ಹತ್ತಿರದ ಮೈದಾನಕ್ಕೆ ಹೋದಳು. ಅಲ್ಲಿ ಕ್ರಿಕೆಟ್ ಆಡೋ ಹುಡುಗರು. ಇವಳು ಒಂದು ಸುತ್ತು ಬಂದರೆ, "ನಾಲ್ಕು ರನ್," ಅಂತ ಕೂಗೋರು. ಬಿದ್ದರೆ, "ಔಟ್." ಎರಡು ದಿನಕ್ಕೆ ಮನೆಗೆ ಬಂದು ಕೂತಳು.

ನನ್ನ ಮಗನ ಆಟೊಗೆ ಜಯನಗರದ ಒಬ್ಬ ಮೇಷ್ಟ್ರು ಖಾಯಂ ಗಿರಾಕಿ. ರಿಟೈರ್ ಆದವರು, ತಲೆಗೆ ಮಂಕಿ ಕ್ಯಾಪು, ಕೈಯಲ್ಲಿ ಕೋಲು, ಕಾಲಲ್ಲಿ ಬಿಳಿ ಕ್ಯಾನ್ವಾಸ್ ಶೂ. ದಿನಾ ಬೆಳಗ್ಗೆ ತುರಹಳ್ಳಿ ಕಾಡಿಗೆ ವಾಕಿಂಗ್ ಹೋಗೋರು. "ಲಾಲ್‌ಬಾಗ್‌ನಲ್ಲಿ ಕಾಲಿಗಿಂತ ಬಾಯಿ ಜಾಸ್ತಿ ನಡೆಯುತ್ತೆ ಕಣಪ್ಪ," ಅಂತ ಅಷ್ಟು ದೂರ. ಅವರೇ ಹೇಳಿದ್ದು, ಆ ಕಾಡಿನಲ್ಲಿ ಮಣ್ಣಿನ ಕಾಲುದಾರಿ ಇದೆ, ಮಗು ಅಲ್ಲೇ ಓಡಲಿ ಅಂತ. ಒಂಟಿ ಹುಡುಗೀನ ಕಾಡಿಗೆ ಕಳಿಸೋದು ಹೇಗೆ? ಮನೆಯಲ್ಲಿ ಬಿಡುವಾಗಿರೋಳು ನಾನು. ಅಂದರೆ, ಎಲ್ಲರೂ ಹಾಗಂದುಕೊಂಡಿದ್ದರು.

ಬೆಳಗ್ಗೆ ನಾಲ್ಕೂವರೆಗೆ ಏಳೋದು. ಚಳಿಗಾಲ ಬೇರೆ. ಆಟೊದಲ್ಲಿ ಮೇಷ್ಟ್ರು ಒಂದು ಕಡೆ, ನಾನು ಒಂದು ಕಡೆ, ನಡುವೆ ಹುಡುಗಿ. ಮಗ ನಮ್ಮನ್ನು ಕಾಡಿನ ಅಂಚಿಗೆ ಬಿಟ್ಟು ಸ್ಕೂಲ್ ಮಕ್ಕಳ ಟ್ರಿಪ್ಪಿಗೆ ಓಡೋನು. ವಾಪಸ್ ಬರೋದು ನಮ್ಮ ಪಾಡು. ಉತ್ತರಹಳ್ಳಿವರೆಗೆ ನಡೆದು, ಆಮೇಲೆ ಬಸ್ಸು. ಆಗ ಆ ಕಡೆ ಬನಶಂಕರಿ ಆರನೇ ಹಂತದ ಸೈಟುಗಳಿಗೆ ಕಲ್ಲು ನೆಡ್ತಿದ್ದ ಕಾಲ. ಹೊಲ ಹೋಗಿತ್ತು, ಮನೆ ಬಂದಿರಲಿಲ್ಲ. ನೆರಳಿಲ್ಲದ ದಾರಿ.

ಕಾಡು ಅಂದರೆ ಹುಲಿ ಸಿಂಹದ ಕಾಡಲ್ಲ. ನೀಲಗಿರಿ ಮರ, ಲಂಟಾನ ಪೊದೆ, ಆನೆ ಮಲಗಿದಂಥ ಬಂಡೆಗಳು. ಮಂಜಿನಲ್ಲಿ ನವಿಲು ಕೂಗಿದರೆ ಯಾರೋ ಸಂಕಟದಲ್ಲಿ ಕರೆದ ಹಾಗೆ ಕೇಳಿಸೋದು. ಮೊದಲ ದಿನ ನಾನು ಎದ್ದು ನಿಂತುಬಿಟ್ಟಿದ್ದೆ. ಭಾನುವಾರ ಹುಡುಗರು ಹುಡುಗೀರು ಹಗ್ಗ ತಂದು ಬಂಡೆ ಹತ್ತೋರು. ಬರೀ ಸುಮ್ಮನೆ ಹತ್ತಿ, ಸುಮ್ಮನೆ ಇಳಿಯೋರು. "ಮೇಲೆ ಏನಾದ್ರೂ ಇದೆಯಾ ಸಾರ್?" ಅಂತ ಮೇಷ್ಟ್ರನ್ನ ಕೇಳಿದೆ. "ಏನೂ ಇಲ್ಲಮ್ಮ. ಅದಕ್ಕೇ ಹತ್ತೋದು," ಅಂದರು. ನನಗಂತೂ ಮನೆ ಮೆಟ್ಟಿಲು ಹತ್ತೋದೇ ಸಾಕಾಗಿತ್ತು.

ಓಡೋಕೆ ದಾರಿ ಸಿಕ್ತು. ನಾನೂರು ಮೀಟರ್ ಅಂದರೆ ಎಲ್ಲಿಂದ ಎಲ್ಲಿಗೆ, ಅದು ಗೊತ್ತಾಗಬೇಕಲ್ಲ. "ಅಮ್ಮನ ಟೇಪ್ ತರ್ತೀನಿ ಅಜ್ಜಿ," ಅಂದಳು ಹುಡುಗಿ.

"ಟೇಪ್ ಯಾಕೆ? ನನ್ನ ಕೈ ಬಿದ್ದುಹೋಗಿದೆಯಾ?" ಅಂದೆ.

ಹತ್ತು ವರ್ಷದವಳಿದ್ದಾಗಿಂದ ಹೂವು ಅಳೆದ ಕೈ ಇದು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಡಿಸಿ ನನ್ನ ತಾಯಿ ನನ್ನ ಕೈಗೆ ಬಾಳೆನಾರು ಕೊಟ್ಟಳು. ಹುಡುಗಿ ನೋಟ್‌ಬುಕ್ಕಿನಲ್ಲಿ ಗುಣಿಸಿ ಭಾಗಿಸಿ, ಮೊಳ ಅಂದರೆ ಹದಿನೆಂಟು ಇಂಚು, ಇನ್ನೂರು ಮೀಟರಿಗೆ ನಾನೂರ ನಲವತ್ತು ಮೊಳ ಅಂದಳು. ನಲವತ್ತನಾಲ್ಕು ಮೊಳದ ಹಗ್ಗ ಅಳೆದೆ. ದೊಡ್ಡ ಬಂಡೆಯಿಂದ ಶುರು ಮಾಡಿ, ಒಂದು ತುದಿ ಅವಳು ಹಿಡಿದು, ಒಂದು ತುದಿ ನಾನು ಹಿಡಿದು, ಹತ್ತು ಸಲ ಹಾಸಿದೆವು. ಹತ್ತನೆಯದು ಒಂದು ಹೊಂಗೆ ಮರದ ಬುಡಕ್ಕೆ ಸರಿಯಾಗಿ ಬಂತು. ಬಂಡೆಯಿಂದ ಹೊಂಗೆ ಮರ, ಹೊಂಗೆ ಮರದಿಂದ ಬಂಡೆ. ಅದು ನಾನೂರು.

ಆಮೇಲೆ ದಿನಾ ಅದೇ. ಅವಳ ವಾಚು ನನ್ನ ಕೈಗೆ. ಸೆಕೆಂಡಿನ ಮುಳ್ಳು ಎರಡು ಸುತ್ತು ಬರೋದರೊಳಗೆ ಅವಳು ಬಂಡೆ ಮುಟ್ಟಬೇಕು. ನಾನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಕಾಕಡ ಮೊಗ್ಗು ಬಿಚ್ಚಿಕೊಂಡು ಬಂಡೆ ಮೇಲೆ ಕೂತು ಕಟ್ಟೋದು. ಒಂದು ಕಣ್ಣು ಹೂವಿನ ಮೇಲೆ, ಒಂದು ಕಣ್ಣು ಮುಳ್ಳಿನ ಮೇಲೆ. ಮೊದಲನೇ ತಿಂಗಳು ಮೂರು ನಿಮಿಷದ ಹತ್ತಿರ. ಎರಡನೇ ತಿಂಗಳು ಎರಡೂವರೆ. ಮೂರನೇ ತಿಂಗಳು ಎರಡು ನಿಮಿಷದ ಮೇಲೆ ಎಂಟು ಸೆಕೆಂಡಿಗೆ ಬಂತು. ಬಂದು ಅಲ್ಲೇ ನಿಂತುಬಿಟ್ಟಿತು. ರಾಗಿ ಮುದ್ದೆ ತಿಂದರೂ ಎಂಟು, ಮೊಟ್ಟೆ ತಿಂದರೂ ಎಂಟು. ಹರಕೆ ಹೊತ್ತರೂ ಎಂಟೇ.

ಒಂದು ದಿನ ಮೇಷ್ಟ್ರು ನಿಂತು ನೋಡಿದರು. ಹುಡುಗಿ ಓಡೋದನ್ನ ನೋಡಿದರು, ಹೊಂಗೆ ಮರ ನೋಡಿದರು.

"ಅಮ್ಮ, ಈ ದಾರೀನ ಸರಿಯಾಗಿ ಅಳೆದಿದ್ದೀರಾ?"

"ಅಳೆದಿದ್ದೀನಿ ಸಾರ್."

"ಅಲ್ಲ, ಮೊಳದಲ್ಲಿ ಅಳೆದೆ ಅಂತೀರಿ..."

"ಐವತ್ತು ವರ್ಷದಿಂದ ಅಳೀತಿದ್ದೀನಿ. ಕಡಿಮೆ ಬಂತು ಅಂತ ಇವತ್ತಿನವರೆಗೆ ಯಾರೂ ಅಂದಿಲ್ಲ," ಅಂದೆ. ನನ್ನ ದನಿ ಸ್ವಲ್ಪ ಜೋರಾಗಿತ್ತು ಅನ್ನಿಸುತ್ತೆ. ಮೇಷ್ಟ್ರು ಕೋಲು ಊರಿಕೊಂಡು ಮುಂದೆ ಹೋದರು. ಮೂರು ದಿನ ಆಟೊದಲ್ಲಿ ಹೊರಗಡೆ ನೋಡ್ಕೊಂಡು ಕೂತಿದ್ದರು.

ಓಟದ ದಿನಕ್ಕೆ ಹತ್ತು ದಿನ ಇರೋವಾಗ ಹುಡುಗಿ ಹೊಂಗೆ ಮರದವರೆಗೆ ಹೋದವಳು ವಾಪಸ್ ಬರಲಿಲ್ಲ. ಮುಳ್ಳು ಎರಡು ಸುತ್ತು ಬಂತು, ಮೂರು ಬಂತು. ಮಂಜಿನಲ್ಲಿ ಅವಳ ಬಿಳಿ ದುಪಟ್ಟಾ ಮಾತ್ರ ಕಾಣಿಸ್ತಿತ್ತು, ಮರದ ಬುಡದಲ್ಲಿ, ನೆಲದ ಮಟ್ಟಕ್ಕೆ. ಬಿದ್ದಳೇನೋ ಅಂತ ಹೂವು ವಾಚು ಎಲ್ಲ ಬಂಡೆ ಮೇಲೆ ಬಿಟ್ಟು ಹೊರಟೆ. ಆ ದಾರೀನ ನಾನು ಅಳೆದ ಮೇಲೆ ನಡೆದದ್ದು ಅವತ್ತೇ. ಎಷ್ಟು ನಡೆದರೂ ಮರ ಹತ್ತಿರ ಬರಲೊಲ್ಲದು. ಮಂಡಿ ಕಟಕಟ ಅಂತಿತ್ತು. ನಡು ದಾರಿಯಲ್ಲಿ ಕಾಲಿಗೆ ಮುಳ್ಳು ಚುಚ್ಚಿತು. ಕೂತರೆ ಏಳೋಕಾಗಲ್ಲ ಅಂತ ಹಾಗೇ ನಡೆದೆ.

ಬಿದ್ದಿರಲಿಲ್ಲ. ಮಂಡಿ ತಬ್ಬಿಕೊಂಡು ಕೂತಿದ್ದಳು.

"ನನ್ನ ಕೈಲಿ ಆಗಲ್ಲ ಅಜ್ಜಿ. ಗಾರ್ಮೆಂಟ್ಸ್‌ಗೇ ಹೋಗ್ತೀನಿ. ಅಮ್ಮಂಗೆ ನೀನೇ ಹೇಳು."

ನಿಜ ಬರೀತೀನಿ. ಆಗ ನನಗೆ ಮೊದಲು ಬಂದದ್ದು ದುಃಖ ಅಲ್ಲ. ಅಯ್ಯೋ ಸದ್ಯ, ನಾಳೆಯಿಂದ ಆರು ಗಂಟೆವರೆಗೆ ಮಲಗಬಹುದು ಅಂತ. ಅಷ್ಟು ದಣಿದಿದ್ದೆ. ಇನ್ನೂ ಒಂದು ಯೋಚನೆ ಬಂದಿತ್ತು, ಅದು ಹಿಂದಿನ ವಾರವೇ. ವಾಚು ನನ್ನ ಕೈಯಲ್ಲಿದೆ, ಎರಡು ನಿಮಿಷಕ್ಕೆ ಬಂದೆ ಕಣೇ ಅಂತ ಒಂದು ಸಲ ಸುಳ್ಳು ಹೇಳಿಬಿಡೋಣ, ಧೈರ್ಯ ಬರುತ್ತೆ ಅಂತ. ಬಾಯಿಗೆ ಬಂದಿತ್ತು, ಹೇಳೋಕಾಗಲಿಲ್ಲ. ಹೂವಿನವಳು ಅಳತೆಯಲ್ಲಿ ಸುಳ್ಳು ಹೇಳಬಾರದು ಅಂತ ನನ್ನ ತಾಯಿ ಕಲಿಸಿದ್ದು.

ಅವಳ ಪಕ್ಕ ಕೂತೆ. ಕಾಲಿನ ಮುಳ್ಳು ಕೀಳೋಕೆ ನೋಡಿದೆ, ಕಣ್ಣಿಗೆ ಕಾಣಲಿಲ್ಲ. ಅವಳೇ ಕಾಲು ಎಳೆದು ತೊಡೆ ಮೇಲಿಟ್ಟುಕೊಂಡು ತನ್ನ ಪಿನ್ನಿನಲ್ಲಿ ತೆಗೆದಳು.

"ಚಪ್ಪಲಿ ಎಲ್ಲಿ?"

"ಬಂಡೆ ಹತ್ತಿರ."

"ಬರಿಗಾಲಲ್ಲಿ ಇಷ್ಟು ದೂರ ಬಂದ್ಯಾ? ಎಷ್ಟು ನಿಮಿಷ ತಗೊಂಡೆ?"

"ವಾಚೂ ಅಲ್ಲೇ ಇದೆ."

ಅವಳಿಗೆ ನಗು ಬಂತು. ಅಳ್ತಾನೇ ನಕ್ಕಳು. "ಏನೇ ಆಗಲಿ, ಅಲ್ಲಿಗೆ ಹೋಗಿ ಓಡಿ ಫೇಲಾಗಿ ಬಾ," ಅಂದೆ. "ಕಾಡಲ್ಲಿ ಕೂತು ಫೇಲಾದ್ರೆ ನಿಮ್ಮಮ್ಮಂಗೆ ನಾನೇನು ಹೇಳಲಿ?" ಎದ್ದಳು. ನನ್ನನ್ನೂ ಎಬ್ಬಿಸಿದಳು. ವಾಪಸ್ ಬರೋವಾಗ ನನ್ನ ಭಾರ ಅರ್ಧ ಅವಳ ಹೆಗಲ ಮೇಲಿತ್ತು. ಬಂಡೆ ಹತ್ತಿರ ಅಷ್ಟು ಹೂವನ್ನೂ ಇರುವೆ ಮುತ್ತಿತ್ತು.

ಓಟದ ದಿನ ನಮ್ಮನ್ನು ಒಳಗೆ ಬಿಡಲಿಲ್ಲ. ಗೇಟಿನ ಹೊರಗೆ ಮರದ ಕೆಳಗೆ ಎಷ್ಟೋ ಅಪ್ಪ ಅಮ್ಮಂದಿರು, ನಾನು, ಆಟೊ ಪಕ್ಕ ನನ್ನ ಮಗ. ಒಳಗಡೆ ಸೀಟಿ ಊದೋದು ಕೇಳಿಸ್ತಿತ್ತು. ಯಾವ ಸೀಟಿ ನಮ್ಮವಳದು ಅಂತ ಗೊತ್ತಿಲ್ಲ, ಎಲ್ಲ ಸೀಟಿಗೂ ನಾನು ಎದ್ದು ನಿಲ್ತಿದ್ದೆ. ಬಿಸಿಲು ನೆತ್ತಿಗೆ ಬಂದಾಗ ಶೂ ಕೈಯಲ್ಲಿ ಹಿಡ್ಕೊಂಡು ಹೊರಗೆ ಬಂದಳು. ಮುಖ ನೋಡಿದರೆ ಏನೂ ಗೊತ್ತಾಗಲಿಲ್ಲ. ದಾರಿ ಗೊತ್ತಾಗದೆ ನಿಂತವಳ ಥರ ಇತ್ತು.

"ಏನಾಯ್ತೇ?"

"ಪಾಸು. ಇನ್ನೂ ಹತ್ತು ಸೆಕೆಂಡ್ ಬಾಕಿ ಇತ್ತು ಅಜ್ಜಿ." ಶೂ ಆಟೊದೊಳಗೆ ಇಟ್ಟು, "ಹೊಂಗೆ ಮರ ಇನ್ನೂ ಬರಬೇಕು ಅಂತ ಓಡ್ತಿದ್ದೆ, ಅಷ್ಟರಲ್ಲಿ ಮುಗೀತು ನಿಲ್ಲಮ್ಮ ಅಂದ್ರು," ಅಂದಳು.

ನನ್ನ ಮಗ ಆಟೊ ಸೀಟಿನ ಮೇಲೆ ತಲೆಯಿಟ್ಟು ನಿಂತ. ಆಮೇಲೆ ಮುಖ ಒರೆಸಿಕೊಂಡು, "ಹತ್ತಿ, ಹೋಗೋಣ," ಅಂದ. ಸಿಗ್ನಲ್ಲಿನ ಸ್ಕೂಟರಿನವನಿಗೆ ಹೇಳಿದ್ದು ಆಗಲೇ.

ಸಂಜೆ ಸೊಸೆ ಬಂದಳು. ಮಗಳ ತಲೆ ಮೇಲೆ ಕೈಯಿಟ್ಟಳು, ಒಳಗೆ ಹೋಗಿ ದೀಪ ಹಚ್ಚಿದಳು, ಹೊರಗೆ ಬಂದು ಮತ್ತೆ ತಲೆ ಮೇಲೆ ಕೈಯಿಟ್ಟಳು. ಬುಟ್ಟಿ ತುಂಬ ಅವರೆಕಾಯಿ ತಂದಿದ್ದಳು. ಕಾಳು ಬಿಡಿಸಿ, ಬಿಸಿನೀರಲ್ಲಿ ನೆನೆಸಿ, ಎಲ್ಲರೂ ಸುತ್ತ ಕೂತು ಹಿತುಕಿದೆವು. ಸ್ವೀಟ್ ತಗೊಂಡು ಬಂದ ಮೇಷ್ಟ್ರನ್ನೂ ಕೂರಿಸಿದೆವು. ಅವರು ಹಿತುಕಿದ ಕಾಳು ಹಾರಿ ಹಾರಿ ಗೋಡೆಗೆ ಬೀಳ್ತಿತ್ತು. ಹುಡುಗಿ ಹತ್ತು ಸೆಕೆಂಡಿನ ಕಥೆ ಇನ್ನೊಂದು ಸಲ ಹೇಳಿದಳು. ಸೊಸೆ ಕೈ ನಿಲ್ಲಿಸಿ ಕೇಳಿಸಿಕೊಂಡಳು. ಎದ್ದು ಹೋಗಿ ಟೇಪ್ ತಂದಳು.

"ಅತ್ತೆ, ಕೈ ಕೊಡಿ."

ಮೊಣಕೈಯಿಂದ ಬೆರಳ ತುದಿವರೆಗೆ ಹದಿನೆಂಟು ಇಂಚು. ಸರಿಯಾಗಿತ್ತು. ನಾನು ಮೇಷ್ಟ್ರ ಕಡೆ ನೋಡಿದೆ.

"ಈಗ ಒಂದು ಮೊಳ ಹೂವು ಅಳೆದು ಕೊಡಿ," ಅಂದಳು. ಅಳೆದು ಕತ್ತರಿಸಿ ಕೊಟ್ಟೆ. ಅದರ ಮೇಲೆ ಟೇಪ್ ಇಟ್ಟಳು. ಇಪ್ಪತ್ತೊಂದು.

ನನಗೇ ಮೊದಲು ಗೊತ್ತಾಯ್ತು. ಮೊಳ ಮುಗಿದ ಮೇಲೆ ನಾಲ್ಕು ಬೆರಳು ಬಿಟ್ಟು ಕತ್ತರಿಸೋದು ನನ್ನ ತಾಯಿ ಕಲಿಸಿದ ಪದ್ಧತಿ. ಅದು ಗಿರಾಕಿಗೆ ಕೊಸರು. ಕೇಳಿದರೆ ಕೊಡೋದಲ್ಲ, ಕೇಳೋ ಮೊದಲೇ ಕೈ ಕೊಟ್ಟುಬಿಡುತ್ತೆ. ಹಗ್ಗಕ್ಕೂ ಕೊಟ್ಟುಬಿಟ್ಟಿದೆ. ಪ್ರತಿ ಮೊಳಕ್ಕೂ. ನಾಲ್ಕು ತಿಂಗಳು ಆ ಮಗು ನನ್ನ ಕೊಸರನ್ನೆಲ್ಲ ಓಡಿದೆ.

"ಕಡಿಮೆ ಬಂತು ಅಂತ ಯಾರೂ ಅಂದಿಲ್ಲ, ಅಲ್ವೇನಮ್ಮ?" ಅಂದರು ಮೇಷ್ಟ್ರು, ಗೋಡೆಯಿಂದ ಒಂದು ಕಾಳು ತೆಗೆದು ಪಾತ್ರೆಗೆ ಹಾಕುತ್ತಾ.

"ನಿಮ್ಮ ಮಾತು ಕೇಳಿ ಸರಿ ಮಾಡಿದ್ರೆ ಅವಳು ಎರಡು ನಿಮಿಷಕ್ಕೇ ನಿಲ್ಲೋಳು ಸಾರ್," ಅಂದೆ. ಹೇಳೋಕೆ ಹೇಳಿದೆ. ಒಳಗೆ ಮಾತ್ರ ಆ ಹೊಂಗೆ ಮರದ ಬುಡದಲ್ಲಿ ಕೂತಿದ್ದ ಹುಡುಗಿ ಕಣ್ಣ ಮುಂದೆ ಬಂದಳು. ನನ್ನ ಕೈ ತಪ್ಪಿಗೆ ಅವಳು ಅವತ್ತು ಎದ್ದು ಬರದೇ ಹೋಗಿದ್ದರೆ ಅಂತ ಇವತ್ತಿಗೂ ಒಮ್ಮೊಮ್ಮೆ ಅಂದುಕೊಳ್ತೀನಿ. ಹುಡುಗಿ ಆ ಇಪ್ಪತ್ತೊಂದು ಇಂಚು ಹೂವನ್ನ ತೆಗೆದು ತನ್ನ ಅಮ್ಮನ ಜಡೆಗೆ ಮುಡಿಸಿದಳು.

ಊಟಕ್ಕೆ ಎಲ್ಲರೂ ಒಟ್ಟಿಗೆ ಕೂತೆವು. ಸೊಸೆ, ಮಗ, ಹುಡುಗಿ, ನಾನು, ಜಾಗ ಸಾಲದೆ ಬಾಗಿಲ ಹತ್ತಿರ ಮೇಷ್ಟ್ರು. ಮುದ್ದೆ, ಹಿತುಕಿದ ಬೇಳೆ ಸಾರು, ಶ್ಯಾವಿಗೆ ಪಾಯಸ. ಸೊಸೆ ಅವತ್ತು ಕೊನೆಯಲ್ಲಿ ಉಣ್ಣಲಿಲ್ಲ, ಬೆನ್ನನ್ನು ಗೋಡೆಗೆ ಆನಿಸಿ ನಮ್ಮ ಜೊತೆಗೇ ಕೂತಳು. ನನಗೆ ಕಾಲು ಮಡಚೋಕಾಗದೆ ನೀಡಿಕೊಂಡು, ತಟ್ಟೆ ತೊಡೆ ಮೇಲಿಟ್ಟುಕೊಂಡಿದ್ದೆ. ಎರಡನೇ ತುತ್ತಿಗೆ ಕಣ್ಣು ಎಳೀತಿತ್ತು.

"ಅಜ್ಜಿ, ನಾಳೆ ಬೆಳಗ್ಗೆ ನನ್ನ ಎಬ್ಬಿಸಬೇಡ," ಅಂದಳು ಹುಡುಗಿ.

"ನನ್ನನ್ನ ಯಾರಾದ್ರೂ ಎಬ್ಬಿಸಿದ್ರೆ ನೋಡಿ," ಅಂದೆ. ಮಗ ನಗ್ತಾ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟ.