ಹಾಕದೆ ಹೋದ ನೀರು

ಕನಕಪುರದ ಒಂದು ನರ್ಸಿಂಗ್ ಹೋಮಿನ ಹೆರಿಗೆ ವಾರ್ಡಿನಲ್ಲಿ ನಾನು ಇಪ್ಪತ್ತಾರು ವರ್ಷ ನರ್ಸಾಗಿದ್ದೆ. ನಮ್ಮ ಊರು ಕಬ್ಬಾಳಿನ ಕಡೆ. ಮುತ್ತಜ್ಜನ ಕಾಲದಿಂದಲೂ ನಮ್ಮದು ಕ್ರೈಸ್ತರ ಮನೆ. ಅವ್ವ ತೀರಿಕೊಂಡ ವರ್ಷ ನಮ್ಮ ಚರ್ಚಿನ ಗುರುಗಳು ಒಂದು ದಿನ ಮನೆಗೆ ಬಂದು, ಆಫ್ರಿಕಾದ ಮಲಾವಿಯಲ್ಲಿ ಕನ್ಯಾಸ್ತ್ರೀಯರು ನಡೆಸುವ ಆಸ್ಪತ್ರೆಗೆ ಮೂರು ತಿಂಗಳ ಸೇವೆಗೆ ನರ್ಸ್ ಬೇಕಂತೆ, ಹೋಗ್ತೀರಾ ಎಂದು ಕೇಳಿದರು. ಅವ್ವನ ಖಾಲಿ ಮಂಚ ನೋಡಿಕೊಂಡು ಕೂರುವುದಕ್ಕಿಂತ ಅದೇ ಮೇಲು ಅನ್ನಿಸಿ ಒಪ್ಪಿಕೊಂಡೆ. ದೇವರ ಕೆಲಸ ಎಂಬ ಮಾತು ಆಮೇಲೆ ಸೇರಿಕೊಂಡಿತು.

ಆಸ್ಪತ್ರೆ ಎಂದರೆ ಆರು ಮಂಚದ, ತಗಡಿನ ಮಾಡಿನ ಕಟ್ಟಡ. ಡಾಕ್ಟರು ವಾರಕ್ಕೊಮ್ಮೆ ಬರುತ್ತಿದ್ದರು. ಊಟಕ್ಕೆ ಮೆಕ್ಕೆಜೋಳದ ಬಿಳಿ ಮುದ್ದೆ. ಮೊದಲ ದಿನ ಅದನ್ನು ಮುರಿಯುವಾಗ ಊರು ನೆನಪಾಗಿತ್ತು. ಮೂರು ವಾರದಲ್ಲಿ ಅಲ್ಲಿಯ ಭಾಷೆಯ ಹತ್ತಿಪ್ಪತ್ತು ಮಾತು ಕಲಿತೆ: ನೋವು, ಉಸಿರು, ತಳ್ಳು. ನೀರಿಗೆ ಮಾಡ್ಜಿ ಅನ್ನುತ್ತಿದ್ದರು.

ಒಂದು ದಿನ ಮಧ್ಯಾಹ್ನ ಚೊಚ್ಚಲ ಬಸುರಿಯೊಬ್ಬಳನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಬಂದರು. ಎರಡು ದಿನದಿಂದ ನೋವು ತಿಂದಿದ್ದಳು. ಹೆಣ್ಣುಮಗು ಹುಟ್ಟಿತು, ಅಳಲಿಲ್ಲ. ಎದೆ ಮಾತ್ರ ನಿಧಾನವಾಗಿ ಬಡಿಯುತ್ತಿತ್ತು. ಜೊತೆಗಿದ್ದ ಸಹಾಯಕಿ ಹಿರಿಯ ಕನ್ಯಾಸ್ತ್ರೀಯನ್ನು ಕರೆತರಲು ಓಡಿದಳು. ನಾನು ತಾಯಿಯ ತಲೆಯ ಹಿಂದಿದ್ದ ಮೇಜಿನ ಮೇಲೆ ಮಗುವನ್ನು ಮಲಗಿಸಿ ಮುಖಕ್ಕೆ ಮಾಸ್ಕ್ ಒತ್ತಿ ಉಸಿರಿನ ಚೀಲ ಅದುಮತೊಡಗಿದೆ.

"ಮಾಡ್ಜಿ," ಅಂದಳು ತಾಯಿ.

ಬಾಯಾರಿಕೆಗೆ ಕೇಳುತ್ತಿಲ್ಲ ಎಂದು ಗೊತ್ತಿತ್ತು. ನಮ್ಮ ಕಡೆ ಕತ್ತು ತಿರುಗಿಸಲು ಆಗದೆ, ಅವಳು ತನ್ನ ಹಣೆಯ ಮೇಲೆ ಬೆರಳಿನಿಂದ ಶಿಲುಬೆಯ ಗುರುತು ಬರೆದು ತೋರಿಸಿದಳು. ತಲೆಗೆ ನೀರು ಹಾಕಿ, ಹೆಸರಿಟ್ಟು, ಮಗುವನ್ನು ದೇವರಿಗೆ ಸೇರಿಸುವುದೇ ಜ್ಞಾನಸ್ನಾನ; ಸಾಯುವ ಮಗುವಿಗೆ ಗುರುಗಳಿಲ್ಲದಿದ್ದರೆ ಯಾರು ಬೇಕಾದರೂ ಅದನ್ನು ಕೊಡಬಹುದು. ಒಂದಿಷ್ಟು ನೀರು; ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ಎಂಬ ಮಾತು. ಎರಡು ಉಸಿರಿನಷ್ಟು ಹೊತ್ತು ಸಾಕು. ನೀರಿನ ಜಗ್ ಮೊಣಕೈಯ ಪಕ್ಕದಲ್ಲೇ ಇತ್ತು.

"ಇರು ತಾಯಿ, ಇರು," ಎಂದೆ ಕನ್ನಡದಲ್ಲೇ. ನೀರು ಹಾಕಿದರೆ ಮಗು ಉಳಿಯುವುದಿಲ್ಲ ಎಂದು ನಾನೇ ಒಪ್ಪಿಕೊಂಡಂತೆ ಅನ್ನಿಸಿತು. ನನ್ನ ಕೈಯಲ್ಲಿ ಎಷ್ಟೋ ಮಕ್ಕಳು ಉಸಿರಾಡಿದ್ದವು. ಇದೂ ಆಡುತ್ತದೆ ಎಂಬ ಹಟ. ಅವಳು ಮತ್ತೆ ಮತ್ತೆ ಅಂದಳು. ನಾನು ಚೀಲ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಎದೆಬಡಿತ ನಿಂತಿತು. ಸತ್ತ ಮೇಲೆ ಜ್ಞಾನಸ್ನಾನವಿಲ್ಲ.

ಕನ್ಯಾಸ್ತ್ರೀ ಸಿಗದೆ ಸಹಾಯಕಿ ಹಿಂತಿರುಗಿದಾಗ ತಾಯಿ ಅವಳ ಮೂಲಕ ಕೇಳಿಸಿದಳು: ನೀರು ಹಾಕಿದೆಯಾ?

"ಹಾಕಿದೆ," ಎಂದೆ.

ಏನು ಹೆಸರಿಟ್ಟೆ?

ಬಾಯಿಗೆ ಬಂದದ್ದು ನಮ್ಮ ಅವ್ವನ ಹೆಸರು. ಆ ತಾಯಿ ಅದನ್ನು ಎರಡು ಸಲ ಹೇಳಿ ನೋಡಿಕೊಂಡು ಕಣ್ಣು ಮುಚ್ಚಿದಳು.

ಊರಿಗೆ ಬಂದ ಮೇಲಿನ ಭಾನುವಾರ ಚರ್ಚಿನಲ್ಲಿ ಬಲಿಪೂಜೆಯ ಕೊನೆಗೆ ಗುರುಗಳು ನನ್ನನ್ನು ಅನುಭವ ಹೇಳಲು ಕರೆದರು. ಅಲ್ಲಿಯ ಹಾಡು, ಬಿಳಿ ಮುದ್ದೆ, ಜನರ ವಿಶ್ವಾಸ, ಎಲ್ಲ ಹೇಳಿದೆ. ಚಪ್ಪಾಳೆ ತಟ್ಟಿದರು. ಅವತ್ತಿನಿಂದ ನನಗೆ ಪ್ರಾರ್ಥನೆ ಹತ್ತದಂತಾಯಿತು. ಜಪಸರ ಹಿಡಿದರೆ ಬೆರಳು ಓಡುತ್ತಿತ್ತು, ಮನಸ್ಸು ಆ ಜಗ್ಗಿನ ಹತ್ತಿರ ನಿಲ್ಲುತ್ತಿತ್ತು. ಯಾರದೋ ಮಗುವಿನ ಜ್ಞಾನಸ್ನಾನಕ್ಕೆ ಕರೆದರೆ ಡ್ಯೂಟಿ ಇದೆ ಎಂದು ತಪ್ಪಿಸಿಕೊಳ್ಳುತ್ತಿದ್ದೆ.

ಐದಾರು ತಿಂಗಳಾದ ಮೇಲೆ ಪಾಪನಿವೇದನೆಯಲ್ಲಿ ಎಲ್ಲವನ್ನೂ ಹೇಳಿದೆ. ಗುರುಗಳು, "ಅಮ್ಮಾ, ದೇವರ ಕರುಣೆ ಒಂದು ಬೊಗಸೆ ನೀರಿಗೆ ಕಾದು ನಿಲ್ಲೋದಿಲ್ಲ. ಮಗುವಿನ ಚಿಂತೆ ಬಿಡಿ. ಆದರೆ ಆ ತಾಯಿಗೆ ಸುಳ್ಳು ಹೇಳಿದ್ದೀರಿ. ಅದನ್ನ ಸರಿಮಾಡೋಕೆ ಆಗುತ್ತಾ ನೋಡಿ," ಎಂದರು.

ಅಲ್ಲಿಯ ಹಿರಿಯ ಕನ್ಯಾಸ್ತ್ರೀ ಮಂಗಳೂರು ಕಡೆಯವರು. ಅವರಿಗೆ ನಡೆದದ್ದನ್ನೆಲ್ಲ ಬರೆದು, ತಾಯಿಗೆ ನಿಜ ತಿಳಿಸಿ ಎಂದು ಕೇಳಿಕೊಂಡೆ. ಹತ್ತು ದಿನದ ಮೇಲೆ ವಾಟ್ಸಾಪಿನಲ್ಲಿ ಉತ್ತರ ಬಂತು. ಆ ಹುಡುಗಿ ಪ್ರತಿ ಭಾನುವಾರ ಸಮಾಧಿಯ ಹತ್ತಿರ ಬರುತ್ತಾಳೆ, ಮರದ ಶಿಲುಬೆಯ ಮೇಲೆ ನಿಮ್ಮ ತಾಯಿಯ ಹೆಸರು ಬರೆಸಿದ್ದಾಳೆ, ಮತ್ತೆ ಬಸುರಾಗಿಲ್ಲ. "ಹೇಳಿ ಎಂದರೆ ಹೇಳುತ್ತೇನೆ. ನೀವೇ ಯೋಚಿಸಿ."

ಆ ವಾರ ಪಕ್ಕದ ತೋಟದ ಗೌಡರ ಹೆಂಡತಿ ಎಂದಿನಂತೆ ಬಿಪಿ ನೋಡಿಸಿಕೊಳ್ಳಲು ಬಂದಳು. ರೇಷ್ಮೆ ಮನೆಯಿಂದ ನೇರ ಬಂದಿದ್ದಳು, ಸೆರಗಿನಲ್ಲಿ ಹಿಪ್ಪುನೇರಳೆ ಸೊಪ್ಪಿನ ವಾಸನೆ. ತೋಳಿಗೆ ಸುತ್ತಿದ ಪಟ್ಟಿಯನ್ನು ನಾನು ಮತ್ತೆ ಮತ್ತೆ ಬಿಚ್ಚಿ ಸುತ್ತುವುದನ್ನು ಕಂಡು, "ಯಾಕಕ್ಕ, ನಿಮ್ಗೇ ಉಸಾರಿಲ್ವಾ?" ಎಂದಳು. ಹೇಳಿಬಿಟ್ಟೆ. ಜ್ಞಾನಸ್ನಾನ ಎಂದರೇನೆಂದು ಅವಳಿಗೆ ಬಿಡಿಸಿ ಹೇಳಬೇಕಾಯಿತು.

ಅವಳು ತೋಳಿನ ಪಟ್ಟಿಯನ್ನು ತಾನೇ ಬಿಚ್ಚಿಟ್ಟಳು. "ನಂದೂ ಮೊದಲ್ನೇದು ಎಣ್ಕೂಸು ಕಣಕ್ಕ. ಮೂರನೇ ದಿನಕ್ಕೆ ವೋಯ್ತು. ಎಸ್ರಿಕ್ಕಿರ್ನಿಲ್ಲ. ಮೂವತ್ತೊರ್ಸ ಆಯ್ತು, ಮನ್ಸಲ್ಲೂ ಏನಂತ ಕರೀಬೇಕೋ ಗೊತ್ತಾಗಕಿಲ್ಲ. ಕೂಸು ಅಂತೀನಿ, ಅಷ್ಟೇಯ." ಆಮೇಲೆ ನನ್ನ ಮುಖ ನೋಡಿ, "ನಿಮ್ ದ್ಯಾವ್ರ ತಾವ ನೀವೇನಾರಾ ಮಾಡ್ಕಳಿ. ಆ ಎಸ್ರ ಮಾತ್ರ ಅವ್ಳತ್ರ ಕಿತ್ಕಬ್ಯಾಡಿ," ಎಂದಳು.

ಮರುದಿನ ಬೆಳಿಗ್ಗೆ ಕನ್ಯಾಸ್ತ್ರೀಗೆ "ಹೇಳಬೇಡಿ" ಎಂದು ಬರೆದೆ. ಗುರುಗಳಿಗೂ ತಿಳಿಸಿದೆ. ಅವರು ಒಪ್ಪಲಿಲ್ಲ, ಬೈಯಲೂ ಇಲ್ಲ. "ಹಾಗಾದರೆ ಅದನ್ನ ನೀವೇ ಹೊತ್ಕೋಬೇಕಾಗುತ್ತೆ," ಎಂದರು.

ಹೊತ್ತುಕೊಂಡಿದ್ದೇನೆ. ಆ ತಾಯಿಗೆ ದಯೆ ತೋರಿದೆನೋ, ನನ್ನ ಮಾನ ಉಳಿಸಿಕೊಂಡೆನೋ, ಇವತ್ತಿಗೂ ಬಿಡಿಸಿ ಹೇಳಲಾರೆ. ಪೂಜೆಗೆ ಹೋಗುತ್ತೇನೆ, ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಮನಸ್ಸಿನಲ್ಲಿ ಪಾಪ ಇಟ್ಟುಕೊಂಡು ಪರಮಪ್ರಸಾದ ತೆಗೆದುಕೊಳ್ಳಬಾರದು ಎನ್ನುತ್ತಾರೆ; ಅದನ್ನು ಸ್ವೀಕರಿಸಲು ಎಲ್ಲರೂ ಎದ್ದಾಗ ಒಂದೊಂದು ವಾರ ಏಳುತ್ತೇನೆ, ಒಂದೊಂದು ವಾರ ಏಳುವುದಿಲ್ಲ.