ಬಸ್ಸಿನ ಸುತ್ತ ಒಂದು ಕೆಂಪು ಬಕೆಟ್

ಬೆಳಕು ಈಗಷ್ಟೇ ಹರಿಯುತ್ತಿದೆ. ಬಸ್ ಡಿಪೋದ ಒದ್ದೆ ನೆಲದ ಮೇಲೆ ಆಕೆ ಕಪ್ಪು ಬಿಳಿ ಚೌಕಗಳ ದಪ್ಪ ಹಾಸನ್ನು ಬಿಡಿಸಿ, ಮಂಡಿಯೂರಿ ಸುಕ್ಕು ತೀಡುತ್ತಿದ್ದಾರೆ. ಪಕ್ಕದ ಬಸ್ಸಿನ ನಾಲ್ಕೂ ಬದಿಗೆ ಮೀನಿನ ಕಣ್ಣಿನಂತೆ ಉಬ್ಬಿದ ಒಂದೊಂದು ಕ್ಯಾಮೆರಾ. ನಾಲ್ಕರ ಚಿತ್ರವನ್ನೂ ಕಂಪ್ಯೂಟರ್ ಸೇರಿಸಿ ಹೊಲಿಯುತ್ತದೆ. ಚಾಲಕನ ಮುಂದಿನ ಪರದೆಯಲ್ಲಿ ಬಸ್ಸನ್ನು ಮೇಲಿನಿಂದ ಇಣುಕಿದಂತೆ ಸುತ್ತಲಿನ ನೆಲವೆಲ್ಲ ಕಾಣುತ್ತದೆ. ಹಾಸಿನ ಚೌಕಗಳು ಅಲ್ಲಿ ಮುರಿಯದೆ ಕೂಡಿದರೆ ಹೊಲಿಗೆ ಸರಿ ಎಂದರ್ಥ. ಮೊದಲು ಇದೇ ಡಿಪೋದಲ್ಲಿ ಹರಿದ ಸೀಟು ಹೊಲಿಯುತ್ತಿದ್ದ ಆಕೆ ಈಗ ಬಸ್ಸುಗಳ ಕ್ಯಾಮೆರಾ ಸರಿಹೊಂದಿಸುವ, ಎಲ್ಲರ ಚೌಕಳಿ ಅಕ್ಕ.

ಅಕ್ಕನಿಗೆ ಹಾಸೊಂದೇ ಸಾಲದು. ಕೊನೆಗೆ ಒಂದು ಕೆಂಪು ಬಕೆಟನ್ನು ಬಸ್ಸಿನ ಸುತ್ತ ಇಡುತ್ತಾ ಹೋಗುತ್ತಾರೆ, ಇಟ್ಟಾಗಲೆಲ್ಲ ಒಳಗೆ ಹತ್ತಿ ಪರದೆ ನೋಡುತ್ತಾರೆ. "ಎರಡು ಕ್ಯಾಮೆರಾ ಕೂಡೋ ಮೂಲೆ ಇದೆಯಲ್ಲ, ಅದನ್ನ ನಂಬಬಾರದು. ನೆಲ ಚೆನ್ನಾಗೇ ಕಾಣುತ್ತೆ, ನೆಲದ ಮೇಲೆ ಕೂತೋರು ಮಾಯ!" ಕಂಡವರಿಗೆ ತಮಾಷೆ. "ಏನಕ್ಕಾ, ಬಸ್ಸಿಗೆ ನೀರು ಕುಡಿಸ್ತಿದ್ದೀರಾ?"

ನಗುವವರಿಗೇನು, ನಗುತ್ತಾರೆ. ಬಸ್ಸಿನ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತು ತೊಳೆಯುವವರು ಅಕ್ಕನ ಯಜಮಾನರು. ಇಂಜಿನ್‌ಗಳ ಅಬ್ಬರಕ್ಕೆ ಅವರ ಕಿವಿ ಎಂದೋ ಮಂದವಾಗಿದೆ. ಹೊಟ್ಟೆಪಾಡು, ಕೆಲಸ ಬಿಡುವಂತಿಲ್ಲ. ಯಾವ ಬಸ್ಸು ಹಿಂದಕ್ಕೆ ಸರಿದರೂ ಅಕ್ಕ ಮೊದಲು ಅವರೆಲ್ಲಿ ಎಂದು ಹುಡುಕುತ್ತಾರೆ.

ಕಳೆದ ಮಳೆಗಾಲದ ಒಂದು ಬೆಳಿಗ್ಗೆಯ ಕಥೆಯನ್ನು ಅಕ್ಕ ಈಗಲೂ ಹೇಳುತ್ತಾರೆ. ಹಿಂದಿನ ದಿನವಷ್ಟೇ ತಾವೇ ಸರಿಮಾಡಿದ್ದ ಬಸ್ಸು. ಅಕ್ಕ ಇನ್ನೂ ಒಳಗೇ ಇದ್ದರು. "ಸುತ್ತ ಯಾರೂ ಇಲ್ಲ ಅಕ್ಕಾ" ಎಂದು ಚಾಲಕ ರಿವರ್ಸ್ ಹಾಕಿದ. ನಿಜ, ಪರದೆಯಲ್ಲಿ ಯಾರೂ ಇರಲಿಲ್ಲ. ಆದರೆ ಹಿಂದಿನ ಮೂಲೆಯಿಂದ ಸೋಪಿನ ನೊರೆ ಹರಿದು ಬರುತ್ತಿತ್ತು. ತೊಳೆಯುವವರಿಲ್ಲದೆ ನೊರೆ ಎಲ್ಲಿಂದ ಬಂತು? ಅಕ್ಕ ಕಿಟಾರನೆ ಕಿರುಚಿದರು. ಬಸ್ಸು ನಿಂತಾಗ ಅದಕ್ಕೂ ಯಜಮಾನರ ಬೆನ್ನಿಗೂ ಒಂದೇ ಗೇಣು ಅಂತರ. ಅವರು ಇನ್ನೂ ಬ್ರಷ್ ತೊಳೆಯುತ್ತಲೇ ಇದ್ದರು.

ಆಮೇಲೆ ಗೊತ್ತಾಯಿತು: ಹೆಂಡತಿಯ ಕ್ಯಾಮೆರಾ ಥಳಥಳ ಹೊಳೆಯಲೆಂದು ಹಿಂದಿನ ಸಂಜೆ ಅದನ್ನು ತಿಕ್ಕಿ ತಿಕ್ಕಿ ಒರೆಸಿದ್ದವರು ಅವರೇ. ಕ್ಯಾಮೆರಾ ಕೂದಲೆಳೆಯಷ್ಟು ತಿರುಗಿತ್ತು, ಅಷ್ಟಕ್ಕೇ ಮೂಲೆಯಲ್ಲಿ ಕೂತವರು ಹೊಲಿಗೆಯಲ್ಲಿ ಮಾಯವಾಗಿದ್ದರು. "ಪ್ರೀತಿಯಿಂದ ಮಾಡಿದ್ದು, ಬೈಯೋಕಾಗುತ್ತಾ?" ಎನ್ನುವ ಅಕ್ಕ ತುಸು ತಡೆದು, "ಬೈದೆ ಅನ್ನಿ, ಊರಿಗೆಲ್ಲ ಕೇಳೋ ಹಾಗೆ" ಎನ್ನುತ್ತಾರೆ.

ಅಂದಿನಿಂದ ಬಕೆಟಿನ ಸುತ್ತು ಮುಗಿದ ಮೇಲೆ, ಆ ಮೂಲೆಯಲ್ಲಿ ಯಜಮಾನರೇ ಹೋಗಿ ಕೂತು ಕೈಯೆತ್ತುತ್ತಾರೆ. ಇವತ್ತೂ ಕೂತಿದ್ದಾರೆ. ಪರದೆಯಲ್ಲಿ ಅವರ ತಲೆ ಸೊಟ್ಟಗೆ, ಕೈ ಉದ್ದಕ್ಕೆ. ಚಾಲಕ ಅವಸರಪಡಿಸುತ್ತಿದ್ದಾನೆ. ಯಜಮಾನರು ಎದ್ದು ಗೋಡೆಯ ಪಕ್ಕಕ್ಕೆ ಸರಿಯುವ ತನಕ ಅಕ್ಕ ಮುಷ್ಟಿಯೊಳಗಿನ ಬಸ್ಸಿನ ಬೀಗದ ಕೈ ಕೊಡುವುದಿಲ್ಲ.

"ಇನ್ನೇನು ಬೇಕು ನನಗೆ? ಮನೇಲಿ ಕೆಲಸಕ್ಕೆ ಕರೆದಾಗ ಕಾಣಿಸಿಕೊಳ್ಳೋ ಮನುಷ್ಯ ಅಲ್ಲ. ಇಲ್ಲಿ ಕಂಡರೆ ಸಾಕು."