ಪೆಟ್ಟಿಗೆಯಲ್ಲಿಟ್ಟ ಅರ್ಧ ತುಂಡು

ಚೀಸ್ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ‘ತಡೀರಿ ಅಕ್ಕ’ ಎಂದೇ ಕರೆಯುತ್ತಿದ್ದರು. ಲಾರಿ ಚಾಲಕ ಎಷ್ಟೇ ಗೋಗರೆಯಲಿ, ಮ್ಯಾನೇಜರು ಎಷ್ಟೇ ಕಣ್ಣು ಕೆಂಪಗೆ ಮಾಡಲಿ, ಅವಳು ಕ್ರಿಮಿ ಪರೀಕ್ಷೆಯ ಕಾಗದದ ಪಟ್ಟಿ ನೋಡುವ ತನಕ ಒಂದು ಡಬ್ಬವೂ ಬಾಗಿಲು ದಾಟುವಂತಿರಲಿಲ್ಲ. ಮೊದಲಾದರೆ ದೂರದ ಪ್ರಯೋಗಾಲಯಕ್ಕೆ ಕಳಿಸಿ, ಉತ್ತರಕ್ಕಾಗಿ ಬಾಯಿ ಬಿಟ್ಟುಕೊಂಡು ಕೂರಬೇಕಿತ್ತು. ಈಗ ಎಲ್ಲ ಅಲ್ಲೇ. ಚೀಸಿನ ತುಂಡೊಂದನ್ನು ಎರಡಾಗಿ ಸೀಳಿ, ಅರ್ಧವನ್ನು, ಕ್ರಿಮಿ ಇದ್ದರೆ ಬೆಳೆಸಿ ತೋರಿಸುವ ರಸದಲ್ಲಿ ಕಲಕಿ, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಹೋದರಾಯಿತು. ಬೆಳಿಗ್ಗೆ ಪಟ್ಟಿಯ ಮೇಲೆ ಆ ರಸದ ಹನಿ ಬಿಟ್ಟಾಗ ಒಂದೇ ಗೆರೆ ಬಂದರೆ ಸರಿ, ಎರಡು ಬಂದರೆ ಕೆಟ್ಟಿತು. ಉಳಿದರ್ಧ ತುಂಡು ಸಂಜೆಯೇ ಅಕ್ಕನ ಚೀಲ ಸೇರಿ ಮನೆಗೆ ಹೋಗುತ್ತಿತ್ತು. ಎರಡನೇ ಗೆರೆಯ ಮುಖವನ್ನೇ ಅವಳು ಕಂಡಿರಲಿಲ್ಲ. ಅಂಥದ್ದರಲ್ಲಿ ತಿನ್ನುವ ವಸ್ತುವನ್ನು ಬಿಸಾಡಲು ಅವಳಿಗೇನು ತಲೆ ಕೆಟ್ಟಿತ್ತೇ?

ಮನೆಯಲ್ಲಿ ಬಸುರಿ ಮಗಳಿದ್ದಳು. ಎರಡು ಸಲ ಕಳೆದುಕೊಂಡಿದ್ದಳು, ಮೂರನೆಯದು ಹೇಗೋ ಏಳು ತಿಂಗಳು ದಾಟಿತ್ತು. ಏನು ತಿಂದರೂ ಒಗ್ಗದ ಹುಡುಗಿ, ಈ ಮೆತ್ತನೆಯ ಚೀಸ್ ಕಂಡರೆ ಮಾತ್ರ ಬಾಯಿ ಚಪ್ಪರಿಸುತ್ತಿದ್ದಳು.

ಒಂದು ಸಂಜೆ ತುಂಡನ್ನು ತಟ್ಟೆಗೆ ಹಾಕಿಕೊಂಡು ಕೇಳಿದಳು, “ಇದು ತಿನ್ಬಹುದಾ ಅಮ್ಮ? ಡಾಕ್ಟ್ರು ಹುಷಾರು ಅಂದಿದ್ರು.”

“ತಿನ್ನೇ. ನಾನೇ ತಂದಿದ್ದೀನಿ, ಇನ್ಯಾರು ಬಂದು ಹೇಳ್ಬೇಕು ನಿಂಗೆ?”

ಮರುದಿನ ಬೆಳಿಗ್ಗೆ ಪಟ್ಟಿಯಲ್ಲಿ ಮೊದಲ ಗೆರೆ ಮೂಡಿತು. ಅದರ ಪಕ್ಕದಲ್ಲಿ ಮಸುಕಾಗಿ ಇನ್ನೊಂದು ಎದ್ದು, ನೋಡನೋಡುತ್ತಲೇ ಕೆಂಪಾಯಿತು. ಅವಳು ಇನ್ನೊಂದು ಪಟ್ಟಿಯ ಪೊಟ್ಟಣ ಒಡೆದು, ಹನಿ ಬಿಟ್ಟು ನೋಡಿದಳು. ಅದೂ ಅದನ್ನೇ ಹೇಳಿತು. ಈ ಕ್ರಿಮಿ ಇರುವುದನ್ನು ದೊಡ್ಡವರು ತಿಂದರೆ ಜ್ವರ ಬಂದು ಹೋದೀತು, ಬಸುರಿಯರು ತಿಂದರೆ ಹೊಟ್ಟೆಯ ಕೂಸೇ ಹೋಗಿಬಿಡಬಹುದು ಎಂದು ಕೆಲಸ ಕಲಿಸಿದವರು ಮೊದಲೇ ಹೇಳಿದ್ದರು.

ಮ್ಯಾನೇಜರು ಓಡಿ ಬಂದು ಉಗ್ರಾಣಕ್ಕೆ ಬೀಗ ಜಡಿಸಿದರು. “ಹೊರಗೆ ಒಂದು ಡಬ್ಬಾನೂ ಹೋಗಿಲ್ಲ ತಾನೆ?”

“ಡಬ್ಬ ಹೋಗಿಲ್ಲ ಸಾರ್.”

“ಪುಣ್ಯ ಕಟ್ಕೊಂಡ್ರಿ ಅಕ್ಕ. ಎಷ್ಟು ಮನೆ ಉಳಿಸಿದ್ರೋ ಏನೋ,” ಎಂದ ಲಾರಿ ಚಾಲಕ.

ಅಷ್ಟು ದೊಡ್ಡ ಕಟ್ಟಡದಿಂದ ಹೊರಗೆ ಹೋಗಿದ್ದು ಅವಳ ಚೀಲದಲ್ಲಿದ್ದ ಅರ್ಧ ತುಂಡು ಮಾತ್ರ. ಫೋನ್ ಮಾಡಿದಳು, ಮಗಳು ಎತ್ತಲಿಲ್ಲ. ಏಪ್ರನ್ ಕೂಡ ಬಿಚ್ಚದೆ, ಎದುರು ಬಂದವರಿಗೆಲ್ಲ ಢಿಕ್ಕಿ ಹೊಡೆಯುತ್ತ ಮನೆಗೆ ಓಡಿದಳು. ಅಡುಗೆಮನೆಯಲ್ಲಿ ಮಗಳು ಚೀಸ್ ತಿಂದ ತಟ್ಟೆ ತೊಳೆದು ಬೋರಲು ಹಾಕಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಗಳ ಹೊಟ್ಟೆ ಮುಟ್ಟಿ, ಯಂತ್ರವಿಟ್ಟು ಕೇಳಿ ನೋಡಿದರು. “ಜ್ವರ ಇಲ್ಲ, ಮಗು ಎದೆಬಡಿತ ಚೆನ್ನಾಗಿದೆ. ಔಷಧಿ ಶುರು ಮಾಡೋಣ. ಆದ್ರೆ ಈ ಕ್ರಿಮಿ ವಾರಗಟ್ಟಲೆ ಸುಮ್ನಿದ್ದು ಆಮೇಲೆ ಏಳಬಹುದು. ಕಾಯ್ಬೇಕು.”

“ಈಗ್ಲೇ ಗೊತ್ತಾಗೋ ಹಾಗೆ ಯಾವ ಪರೀಕ್ಷೆನೂ ಇಲ್ವಾ ಡಾಕ್ಟ್ರೇ?” ಎಂದಳು ಅಕ್ಕ.

“ಒಳಗಿರೋ ಮಗು ವಿಷಯದಲ್ಲಿ ಅಂಥದ್ದು ಇಲ್ಲಮ್ಮ.”

ಡಾಕ್ಟರಮ್ಮ ಹೊರಗೆ ಹೋದರು. ಮಗಳು ಬೈದಿದ್ದರೆ, ಕೂಗಾಡಿದ್ದರೆ ಅವಳ ಜೀವಕ್ಕೆ ಎಷ್ಟೋ ಸಮಾಧಾನವಾಗುತ್ತಿತ್ತು. ಮಗಳು ಬೈಯಲಿಲ್ಲ. ಅಮ್ಮನ ಕೈ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು.

“ಒದೀತಿದೆ ನೋಡು. ಏನೂ ಆಗಲ್ಲ ಅಲ್ವಾಮ್ಮ? ನೀನು ಹೇಳು. ನೀನು ಹೇಳಿದ್ರೆ ನಂಬ್ತೀನಿ.”

ಅಂಗೈಯ ಕೆಳಗೆ ಕೂಸು ಮತ್ತೆ ಒದೆಯಿತು. ಮಗಳು ಅಮ್ಮನ ಮುಖವನ್ನೇ ನೋಡುತ್ತ ಕಾಯುತ್ತಿದ್ದಳು.